ಕೊಪ್ಪಳ ಸೀಮೆಯ ಕೋಟೆಗಳಲ್ಲಿ ಸೆರೆಮನೆಯ ಶೋಧ

ಪಾಳುಬಿದ್ದ ಕೋಟೆಗಳನ್ನು ನೋಡಲು ಹೊರಡುವ ಮನುಷ್ಯನ ಸ್ವಭಾವವನ್ನು ಅಭ್ಯಾಸ ಮಾಡಬಯಸುವವರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಷ್ಟು ಒದಗಿಬರುವ ಕ್ಷೇತ್ರ ನಾಡಿನಲ್ಲಿ ಹೆಚ್ಚಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಬಿದ್ದಿರುವ ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ, ಅವರ ತರುವಾಯ ಬಿಜಾಪುರದವರೂ ಮರಾಠರೂ ನಿಜಾಮರೂ ಮೈಸೂರಿನವರೂ ತಲೆಮಾರುಗಟ್ಟಲೆ ಬಡಿದಾಡಿದ್ದರಿಂದ, ಇಲ್ಲಿ ಗುಡ್ಡವಿದ್ದಲ್ಲಿ ಗೋಡೆಯೂ ಗೋಡೆಯಿದ್ದಲ್ಲಿ ಬುರುಜೂ ಇರುವುದು ವಾಡಿಕೆಯಾಗಿದೆ. ಬುರುಜು ಅಥವಾ ಕೊತ್ತಲವೆಂದರೆ ಕೋಟೆಯ ಗೋಡೆಯಿಂದ ಹೊರಕ್ಕೆ ಉಬ್ಬಿ ನಿಂತ ದುಂಡನೆಯ ಕಾವಲುಕಟ್ಟೆ. ಒಂದು ಕಾಲಕ್ಕೆ ಅದರ ಮೇಲೆ ತೋಪು ಇರುತ್ತಿತ್ತು, ಈಗ ಪ್ರವಾಸಿಯಿರುತ್ತಾನೆ. ಈ ಪ್ರವಾಸಿಯು ಮೇಲೆ ತಲುಪಿ ಉಸಿರು ತಹಬಂದಿಗೆ ಬಂದೊಡನೆ ಕೇಳುವ ಮೊದಲ ಪ್ರಶ್ನೆಯು ಕೋಟೆಯನ್ನು ಕಟ್ಟಿಸಿದವರು ಯಾರೆಂಬುದಲ್ಲ, ಇಷ್ಟು ಎತ್ತರದಲ್ಲಿ ನೀರಿಗೆ ಏನು ಮಾಡುತ್ತಿದ್ದರೆಂಬುದೂ ಅಲ್ಲ; ಇಲ್ಲಿ ಜೈಲು ಎಲ್ಲಿದೆ ಎಂಬುದು.

ಈ ಪ್ರಶ್ನೆಯ ಮೂಲವನ್ನು ಶಾಲೆಯ ಶೈಕ್ಷಣಿಕ ಪ್ರವಾಸದಲ್ಲಿ ಹುಡುಕಬೇಕಾಗುತ್ತದೆ. ಕನ್ನಡ ನಾಡಿನ ಬಹುಪಾಲು ಮಕ್ಕಳು ಬಸ್ಸಿನಿಂದಿಳಿದು ಸಾಲಾಗಿ ನಿಂತು ನೋಡುವ ಮೊದಲ ಕೋಟೆಯು ಶ್ರೀರಂಗಪಟ್ಟಣದ್ದಾಗಿದ್ದು, ಅಲ್ಲಿ ಕರ್ನಲ್ ಬೇಲಿಯ ಸೆರೆಮನೆಯೆಂದು ತೋರಿಸುವ ನೆಲಮಟ್ಟಕ್ಕಿಂತ ತಗ್ಗಿನ ಕಮಾನುಕೋಣೆಯು ಅವರ ಮನಸ್ಸಿನಲ್ಲಿ ಕೋಟೆಯೆಂಬ ಕಲ್ಪನೆಗೇ ಅಂಟಿಕೊಂಡುಬಿಡುತ್ತದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರನ ಸೈನ್ಯಕ್ಕೆ ಸೆರೆಸಿಕ್ಕ ಈ ಬ್ರಿಟಿಷ್ ಅಧಿಕಾರಿ 1782ರಲ್ಲಿ ಸೆರೆಯಲ್ಲಿಯೇ ಸತ್ತನೆಂಬುದನ್ನು ಮಗು ಮರೆಯುತ್ತದೆ, ಗೋಡೆಯಿಂದ ಚಾಚಿಕೊಂಡ ಕಲ್ಲುಗಳ ತೂತುಗಳಿಗೆ ಕೈದಿಗಳ ಕೈಗಳನ್ನು ಬಿಗಿಯುತ್ತಿದ್ದರೆಂಬುದನ್ನು ಮಾತ್ರ ಮರೆಯುವುದಿಲ್ಲ. ಮುಂದೆ ಅದೇ ಮಗು ದೊಡ್ಡದಾಗಿ, ಬೈಕು ಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡು ಉತ್ತರಕ್ಕೆ ಬಂದಾಗ, ಕೊಪ್ಪಳದ ಕೋಟೆಯೂ ಆನೆಗೊಂದಿಯ ಕೋಟೆಯೂ ತಮ್ಮ ಪಾಲಿನ ಕತ್ತಲೆಕೋಣೆಯನ್ನು ಕಡ್ಡಾಯವಾಗಿ ಹಾಜರುಪಡಿಸಬೇಕೆಂದು ಬಯಸುತ್ತದೆ.

ಬೇಡಿಕೆಯಿದ್ದಲ್ಲಿ ಪೂರೈಕೆಯೂ ಹುಟ್ಟಿಕೊಳ್ಳುವುದರಿಂದ ಈ ಬಯಕೆಯು ಸಾಮಾನ್ಯವಾಗಿ ಈಡೇರುತ್ತದೆ. ಕೋಟೆಯ ಬುಡದಲ್ಲಿ ಮೇಕೆ ಮೇಯಿಸುವ ಹುಡುಗನಿಗೆ ಪ್ರವಾಸಿಯ ಮುಖ ನೋಡಿದೊಡನೆ ಅವನ ಅಗತ್ಯ ತಿಳಿಯುತ್ತದೆ. ಕಿಟಕಿಯಿಲ್ಲದ, ಬಾಗಿಲು ತಗ್ಗಾದ, ಬಾವಲಿಗಳ ನಾತ ತುಂಬಿದ ಯಾವುದಾದರೊಂದು ಕೋಣೆಯ ಮುಂದೆ ನಿಲ್ಲಿಸಿ, "ಇದ ನೋಡ್ರಿ ಸರ್ ಜೇಲು, ಮದ್ಲ ಇಲ್ಲೆ ನೂರ ಮಂದೀನ್ನ ಇಡ್ತಿದ್ರಂತ್ರಿ" ಎಂದು ಹೇಳಿಬಿಡುತ್ತಾನೆ. ಹತ್ತು ಮಂದಿ ಕುಳಿತರೆ ಹನ್ನೊಂದನೆಯವನು ನಿಲ್ಲಬೇಕಾದ ಆ ಕೋಣೆಯಲ್ಲಿ ನೂರು ಮಂದಿ ಹೇಗೆ ಹಿಡಿಸಿದರೆಂದು ಪ್ರವಾಸಿ ಲೆಕ್ಕ ಹಾಕುವುದಿಲ್ಲ. ಅವನು ಒಳಗೆ ಹೋಗಿ, ಇಲ್ಲದ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದಂತೆ ಅಭಿನಯಿಸಿ, ಹೊರಗಿನಿಂದ ಫೋಟೊ ತೆಗೆಸಿಕೊಳ್ಳುತ್ತಾನೆ. ಹಿರಿಯರು ಮಾತ್ರ ಇಷ್ಟು ಉದಾರಿಗಳಲ್ಲ. ಹಾದಿಯಲ್ಲಿ ಕಂಡ ಮುದುಕರೊಬ್ಬರನ್ನು "ಅಜ್ಜಾವ್ರೇ, ಇಲ್ಲಿ ಜೈಲು ಎಲ್ಲಿದೆ?" ಎಂದು ಕೇಳುವ ಪ್ರವಾಸಿಗೆ "ಜೇಲು ಊರಾಗ ಐತಿ ತಮ್ಮಾ, ಏನ್ ಮಾಡಿ ಬಂದೀ?" ಎಂಬ ಉತ್ತರ ಸಿಗುವ ಸಂಭವವಿದ್ದು, ಆ ಉತ್ತರದಲ್ಲಿರುವ ಕಳಕಳಿಯು ಪ್ರಾಮಾಣಿಕವಾದುದೆಂದೇ ತಿಳಿಯತಕ್ಕದ್ದು.

ಹಾಗಾದರೆ ಆ ಕತ್ತಲೆಕೋಣೆಗಳು ಏನಾಗಿದ್ದುವೆಂಬ ಪ್ರಶ್ನೆಗೆ ಉತ್ತರವು ಪ್ರವಾಸಿಯ ಉತ್ಸಾಹಕ್ಕೆ ತಣ್ಣೀರೆರಚುವಂಥದು. ಅವುಗಳಲ್ಲಿ ಹಲವು ಮದ್ದಿನ ಮನೆಗಳು, ಅಂದರೆ ತೋಪು ಬಂದೂಕುಗಳ ಸಿಡಿಮದ್ದನ್ನು ಕೂಡಿಡುವ ಉಗ್ರಾಣಗಳು. ಕಿಡಿಯೊಂದು ಒಳನುಸುಳಿದರೆ ಕೋಟೆಯನ್ನು ಶತ್ರು ಕೆಡವುವ ಅಗತ್ಯವೇ ಉಳಿಯುತ್ತಿರಲಿಲ್ಲವಾದ್ದರಿಂದ ಅವಕ್ಕೆ ದಪ್ಪ ಗೋಡೆ, ಕಿರಿದಾದ ಕಿಂಡಿ, ಉಳಿದ ಮನೆಗಳಿಂದ ದೂರದ ಜಾಗ ಇವೆಲ್ಲ ಕಡ್ಡಾಯವಾಗಿದ್ದುವು. ಇನ್ನು ಕೆಲವು ಕಣಜಗಳು. ನೆಲದೊಳಗಿನ ಗುಂಡಿಯೊಂದನ್ನು ತೋರಿಸಿ ಘೋರಶಿಕ್ಷೆಯ ಸೆರೆಮನೆಯೆಂದು ಹೇಳಿದಲ್ಲಿ ಅದು ಹಗೇವು ಆಗಿರುವ ಸಂಭವವೇ ಹೆಚ್ಚು. ಹಗೇವೆಂದರೆ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದಲ್ಲಿ ತೋಡಿದ ಗುಂಡಿ; ಮಣ್ಣಿನ ಗಡಿಗೆಯಂತೆ ಬಾಯಿ ಕಿರಿದು, ಹೊಟ್ಟೆ ವಿಶಾಲ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡದೆ ಹುಳುವೂ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಆದ್ದರಿಂದಲೇ ಈ ಭಾಗದ ರೈತರು ಹಗೇವನ್ನು ತೆಗೆದೊಡನೆ ಒಳಗಿಳಿಯದೆ, ಮೊದಲು ಉರಿಯುವ ದೀಪವನ್ನು ಹಗ್ಗದಿಂದ ಇಳಿಬಿಟ್ಟು, ದೀಪ ನಂದಿದರೆ ಕಾಯುತ್ತಿದ್ದರು. ಇಂಥ ಗುಂಡಿಯಲ್ಲಿ ಕೈದಿಯನ್ನಿಟ್ಟರೆ ಮರುದಿನ ಬೆಳಿಗ್ಗೆ ವಿಚಾರಣೆಗೆ ಹೆಣ ಮಾತ್ರ ಸಿಗುವುದರಿಂದ, ಬಿಡುಗಡೆಯ ಹಣವನ್ನು ನಿರೀಕ್ಷಿಸುವ ಯಾವ ಕೋಟೆಯ ಒಡೆಯನೂ ಆ ತಪ್ಪನ್ನು ಮಾಡಲಾರ. ಹಗೇವಿನಲ್ಲಿ ಸೆರೆಯಿದ್ದದ್ದು ಜೋಳ. ಅದೂ ಬರಗಾಲದಲ್ಲಿ ಬಿಡುಗಡೆಯಾಗುತ್ತಿತ್ತು.

ಮುತ್ತಿಗೆಯ ಲೆಕ್ಕಾಚಾರ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸುತ್ತ ಶತ್ರು ಕುಳಿತಿರುವಾಗ ಕೋಟೆಯೊಳಗಿನ ಪ್ರತಿಯೊಂದು ಬಾಯಿಯೂ ಭಾರವಾಗಿರುವುದರಿಂದ, ಹೋರಾಡದ ಬಾಯಿಗಳನ್ನು ಕೂಡಿಹಾಕಿ ಉಣಿಸುವುದು ಮೂರ್ಖತನವೇ ಸರಿ. ಕೊಪ್ಪಳದ ಕೋಟೆ ಇದಕ್ಕೆ ಒಳ್ಳೆಯ ನಿದರ್ಶನ. ಟಿಪ್ಪು ಸುಲ್ತಾನನು 1786ರಲ್ಲಿ ಪಾಳೆಯಗಾರನೊಬ್ಬನಿಂದ ಇದನ್ನು ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಸೈನ್ಯವೂ ಇಂಗ್ಲಿಷರ ತುಕಡಿಗಳೂ ಸೇರಿ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಗುಂಡು ಹಾರಿಸಿದರೂ ಕೋಟೆ ಬಗ್ಗಲಿಲ್ಲ. 1791ರಲ್ಲಿ ಬೆಂಗಳೂರು ಬಿದ್ದ ಸುದ್ದಿ ಮುಟ್ಟಿದ ಮೇಲೆಯೇ ಅದು ಶರಣಾದದ್ದು. ಮುಂದೆ ದೊಡ್ಡ ಹೆಸರು ಮಾಡಿದ ಜಾನ್ ಮಾಲ್ಕಮ್ ಎಂಬ ಬ್ರಿಟಿಷ್ ಅಧಿಕಾರಿ, ಭಾರತದಲ್ಲಿ ತಾನು ಕಂಡ ಸ್ಥಳಗಳಲ್ಲೆಲ್ಲ ಇದೇ ಅತ್ಯಂತ ಬಲವಾದುದೆಂದು ಬಣ್ಣಿಸಿದ್ದಾನೆ. ಇಂದಿನ ಪ್ರವಾಸಿಯೂ ಸುಮಾರು 400 ಅಡಿ ಎತ್ತರದ ಆ ಬಂಡೆಗಳ ನಡುವೆ ಅರ್ಧ ಹತ್ತಿ ಕುಳಿತಾಗ ಮಾಲ್ಕಮನ ಅಭಿಪ್ರಾಯವನ್ನು ಸ್ವತಂತ್ರವಾಗಿ ತಲುಪುತ್ತಾನೆ. ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬ ಗಾದೆ ಈ ಸೀಮೆಯಲ್ಲಿ ಹುಟ್ಟಿದ್ದಾದರೂ, ಕೊಪ್ಪಳದ ಕೋಟೆಗೆ ಬೇಕಾದ ಮೊಣಕಾಲಿನ ಕುರಿತು ಅದು ಮೌನವಾಗಿದೆ.

ಮೇಲೆ ತಲುಪಿದವರಿಗೆ ನಿಜವಾಗಿ ನೋಡತಕ್ಕ ವಸ್ತುಗಳು ಬೇಕಾದಷ್ಟಿವೆ. ಗೋಡೆಯ ನೆತ್ತಿಯ ಮೇಲೆ ಸಾಲಾಗಿ ನಿಂತ ಹಲ್ಲುಗಳಂಥ ಕಟ್ಟಡಗಳನ್ನು ತೆನೆಗಳೆನ್ನುತ್ತಾರೆ. ಇವುಗಳ ಮರೆಯಲ್ಲಿ ನಿಂತು ಸಿಪಾಯಿ ಗುಂಡು ಹಾರಿಸುತ್ತಿದ್ದ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ದೊಣೆಗಳು ಕೋಟೆಯ ಪ್ರಾಣ; ದೊಣೆ ಬತ್ತಿದ ದಿನ ತೋಪುಗಳಿಂದ ಪ್ರಯೋಜನವಿಲ್ಲ. ದೊಡ್ಡ ಬಾಗಿಲಿನಲ್ಲಿಯೋ ಗೋಡೆಯ ಮರೆಯಲ್ಲಿಯೋ ಒಬ್ಬನೇ ಬಗ್ಗಿ ನುಸುಳುವಂತೆ ಮಾಡಿದ ಸಣ್ಣ ಬಾಗಿಲು ದಿಡ್ಡಿ. ಒಳಬರುವವನು ತಲೆ ತಗ್ಗಿಸಿಯೇ ಬರಬೇಕೆಂಬುದು ಅದರ ಉದ್ದೇಶವಾಗಿದ್ದು, ತಲೆ ತಗ್ಗಿಸಲು ಮರೆತ ಪ್ರವಾಸಿಗಳ ಹಣೆಯ ಮೇಲೆ ಕಟ್ಟಿದವರ ಜಾಣ್ಮೆ ಇಂದಿಗೂ ಅಚ್ಚೊತ್ತುತ್ತದೆ. ಆದರೆ ಸೆರೆಮನೆಯ ಗುಂಗಿನಲ್ಲಿರುವವನಿಗೆ ಈ ಯಾವುದೂ ಕಾಣುವುದಿಲ್ಲ.

ಈ ಕೋಟೆಯಲ್ಲಿ ನಗೆ ನಿಲ್ಲುವ ಜಾಗವೂ ಒಂದಿದೆ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಮುಂಡರಗಿಯ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ ತಮ್ಮವರೊಡನೆ ಬಂದು ಈ ಕೋಟೆಯನ್ನು ಹಿಡಿದರು; ಮೇಜರ್ ಹ್ಯೂಸ್‌ನ ಸೈನ್ಯ ಬೆನ್ನಟ್ಟಿ ಬಂದು ಮುತ್ತಿ, ಜೂನ್ 1ರಂದು ಕೋಟೆ ಬಿದ್ದಾಗ ಇಬ್ಬರೂ ಹೋರಾಡುತ್ತ ಮಡಿದರು. ಸೆರೆಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ಪ್ರವಾಸಿಯು ಹುಡುಕುವ ಬಗೆಯ ಕೈದಿಗಳು ಕೊಪ್ಪಳದಲ್ಲಿ ನಿಜಕ್ಕೂ ಇದ್ದರೆಂಬುದೂ, ಅವರನ್ನು ಬಹಳ ದಿನ ಇಟ್ಟುಕೊಳ್ಳುವ ತೊಂದರೆಯನ್ನು ಆಳುವವರು ತೆಗೆದುಕೊಳ್ಳಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ.

ಕೈದಿಗಳ ವಿಷಯದಲ್ಲಿ ಕೊಪ್ಪಳಕ್ಕೆ ಇನ್ನೂ ಹಳೆಯದೊಂದು ಸಂಬಂಧವಿರುವುದನ್ನು ಕೋಟೆಯಿಂದಿಳಿದು ಗವಿಮಠದ ಕಡೆ ಹೋದವರು ಕಾಣಬಹುದು. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡುವಿನ ಮೇಲೂ ಅಶೋಕನ ಕಿರುಶಾಸನಗಳಿವೆ. ಅದೇ ಚಕ್ರವರ್ತಿ ಉತ್ತರದ ತನ್ನ ಸ್ತಂಭಶಾಸನವೊಂದರಲ್ಲಿ, ಪಟ್ಟಕ್ಕೆ ಬಂದು 26 ವರ್ಷಗಳಾಗುವಷ್ಟರಲ್ಲಿ 25 ಸಲ ಕೈದಿಗಳನ್ನು ಬಿಡುಗಡೆ ಮಾಡಿದ್ದೇನೆಂದು ದಾಖಲಿಸಿದ್ದಾನೆ. ಬಿಡುಗಡೆಯ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಸಿದ ಆತ ಸೆರೆಮನೆಯ ವಿಳಾಸವನ್ನು ಕೊರೆಸದೆ ಹೋದದ್ದರಿಂದ ಪ್ರವಾಸೋದ್ಯಮಕ್ಕೆ ಆಗಿರುವ ನಷ್ಟ ಸಣ್ಣದಲ್ಲ.

ಗಂಗಾವತಿಯ ಕಡೆ ತಿರುಗಿದರೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಪ್ರವಾಸಿಗೆ ಇನ್ನೊಂದು ಭ್ರಮೆ ಕಾದಿರುತ್ತದೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಕಡೆ ದುಂಡನೆಯ ಕಿಂಡಿ ಕೊರೆದ ಕಲ್ಲುಗೂಡುಗಳು ಅಲ್ಲಿ ನೂರಾರಿವೆ. ಜನ ಇವನ್ನು ಮೋರ್ಯರೆಂಬ ಕುಳ್ಳರ ಮನೆಗಳೆನ್ನುತ್ತಾರೆ. ಪ್ರವಾಸಿಯು ಕಿಂಡಿಯನ್ನು ನೋಡಿ ಊಟ ತಳ್ಳುವ ತೂತೆಂದು ಊಹಿಸಿ ಕುಳ್ಳರ ಜೈಲೆನ್ನುತ್ತಾನೆ. ಪುರಾತತ್ತ್ವಜ್ಞರು ಇವು ಬೃಹತ್ ಶಿಲಾಯುಗವೆಂದು ಕರೆಯಲಾಗುವ, ಕಬ್ಬಿಣ ಬಳಕೆಗೆ ಬಂದ ಕಾಲದವರ ಸಮಾಧಿ ಸ್ಮಾರಕಗಳೆನ್ನುತ್ತಾರೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದರಿಂದ, ಸದ್ಯಕ್ಕೆ ಪುರಾತತ್ತ್ವಜ್ಞರ ಮಾತೇ ಮೇಲಾಗಿದೆ.

ಆದರೆ ಈ ಸೀಮೆಯ ನಿಜವಾದ ಸೆರೆಯ ಕಥೆಗಳು ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗದಲ್ಲಿಯೂ ಆನೆಗೊಂದಿಯಲ್ಲಿಯೂ ಇದ್ದು, ಅವುಗಳಲ್ಲಿ ಸೆರೆಯಾದವರು ಕಳ್ಳರಲ್ಲ, ಅರಸುಮಕ್ಕಳು. ಕುಮ್ಮಟವು ಕಂಪಿಲರಾಯನ ಕೋಟೆ. ಅವನ ಮಗ ಕುಮಾರರಾಮನ ಕಥೆಯನ್ನು ನಂಜುಂಡ ಕವಿಯೇ ಮೊದಲಾದವರು ಸಾಂಗತ್ಯದಲ್ಲಿ ಹಾಡಿದ್ದಾರೆ. ಮಲತಾಯಿ ರತ್ನಾಜಿಯು ರಾಮನಲ್ಲಿ ಮೋಹಗೊಂಡು, ಅವನು ಒಪ್ಪದಿದ್ದಾಗ ಅವನ ಮೇಲೆಯೇ ದೂರು ಹೊರಿಸಿದಳು. ಹೆಂಡತಿಯ ಮಾತು ಕೇಳಿ ವಿಚಾರಿಸುವ ಪದ್ಧತಿಯನ್ನಿಟ್ಟುಕೊಳ್ಳದ ಕಂಪಿಲರಾಯ ಮಗನ ತಲೆ ತೆಗೆಯಲು ಅಪ್ಪಣೆ ಕೊಟ್ಟನು. ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟನು. ಮುಂದೆ ದಿಲ್ಲಿಯ ದಂಡು ಬಂದು ಕೋಟೆಯನ್ನು ಮುತ್ತಿ, ರಾಯನು ಇಲ್ಲದ ಮಗನಿಗಾಗಿ ಗೋಳಾಡತೊಡಗಿದಾಗ, ನೆಲಮಾಳಿಗೆಯ ಬಾಗಿಲು ತೆರೆಯಿತು. ಹೀಗೆ ಈ ಸೀಮೆಯ ಅತಿ ಪ್ರಸಿದ್ಧ ಕತ್ತಲೆಕೋಣೆಯು ಪ್ರಾಣ ತೆಗೆಯುವುದಕ್ಕಲ್ಲದೆ ಉಳಿಸುವುದಕ್ಕೆ ಬಳಕೆಯಾದದ್ದಾಗಿದ್ದು, ಅಪ್ಪನ ಆಜ್ಞೆಗಿಂತ ಸೆರೆಯೇ ಸುರಕ್ಷಿತವೆಂಬ ವಿಚಿತ್ರ ಸ್ಥಿತಿಯನ್ನು ತೋರಿಸುತ್ತದೆ. ಜಾಲಿಮುಳ್ಳಿನ ನಡುವೆ ಅಂಗಿ ಹರಿದುಕೊಂಡು ಕುಮ್ಮಟಕ್ಕೆ ಹೋಗುವ ಪ್ರವಾಸಿಗೆ ಆ ನೆಲಮಾಳಿಗೆಯನ್ನು ಇಂಥದೇ ಎಂದು ತೋರಿಸಬಲ್ಲವರಿಲ್ಲ. ಅದಕ್ಕಾಗಿ ನೆಲ ಅಗೆದು ನೋಡುವವರು ಮಾತ್ರ ಇದ್ದಾರೆ. ಅವರನ್ನು ನಿಧಿಗಳ್ಳರೆನ್ನುತ್ತಾರೆ, ಮತ್ತು ಅವರಿಗೆ ಸೆರೆಮನೆಯ ದಾರಿಯನ್ನು ಪೊಲೀಸರೇ ತೋರಿಸುತ್ತಾರೆ.

ಇತಿಹಾಸದಲ್ಲಿ ಕಂಪಿಲರಾಯನ ಕಂಪಿಲಿ ರಾಜ್ಯದ ಪತನ 1327ರ ಸುಮಾರಿನದು. ದಿಲ್ಲಿಯ ಸುಲ್ತಾನ ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟನೆಂಬುದೇ ಆ ಸುಲ್ತಾನನ ಕೋಪಕ್ಕೆ ಕಾರಣ. ಸುಮಾರು ಇನ್ನೂರು ವರ್ಷಗಳ ತರುವಾಯ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಪತನದ ಕಥೆಯನ್ನು ಕೇಳಿ ಬರೆದಿಟ್ಟಿದ್ದಾನೆ. ಅವನ ಪ್ರಕಾರ ಮುತ್ತಿಗೆಯ ಕೊನೆಗೆ ಕೋಟೆಯಲ್ಲಿ ಬದುಕುಳಿದವರು ಆರು ಮಂದಿ ಮುದುಕರು. ದಿಲ್ಲಿಯವರು ಅವರನ್ನು ಸೆರೆಹಿಡಿದು ಒಯ್ದರು. ಆದರೆ ಗೆದ್ದ ನಾಡು ಹಿಡಿತಕ್ಕೆ ಬಾರದೆ ಕೈ ಸುಡತೊಡಗಿದಾಗ ಅದೇ ಆರು ಮಂದಿಯನ್ನು ಬಿಡಿಸಿ, ಅವರಲ್ಲಿ ಹಿಂದೆ ಮಂತ್ರಿಯಾಗಿದ್ದವನನ್ನು ಅರಸನನ್ನಾಗಿ ಮಾಡಿ ಹಿಂದಕ್ಕೆ ಕಳಿಸಿದರು. ವಿಜಯನಗರವನ್ನು ಸ್ಥಾಪಿಸಿದ ಹಕ್ಕಬುಕ್ಕರೂ ದಿಲ್ಲಿಯಲ್ಲಿ ಸೆರೆಯಿದ್ದು ಬಂದವರೆಂಬ ಐತಿಹ್ಯವೂ ಇದೆ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಐತಿಹ್ಯವನ್ನು ಒಪ್ಪಿದರೂ ಬಿಟ್ಟರೂ, ವಿಜಯನಗರದ ಹುಟ್ಟನ್ನು ಜನರೂ ಪರದೇಶಿಗಳೂ ಸೆರೆಯಿಂದ ಹಿಂದಿರುಗಿದವರ ಕಥೆಯಾಗಿಯೇ ನೆನೆದರೆಂಬುದು ಗಮನಿಸತಕ್ಕದ್ದು. ಆ ಸಾಮ್ರಾಜ್ಯದ ಸಂಜೆಯಲ್ಲಿ ಇದೇ ಕಥೆ ತಿರುಗುಮುರುಗಾಯಿತು. ಪಟ್ಟದ ಅರಸನಾದ ಸದಾಶಿವರಾಯನನ್ನು ಅಳಿಯ ರಾಮರಾಯನೂ ಅವನ ತಮ್ಮಂದಿರೂ ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು 1567ರಲ್ಲಿ ಬಂದ ವೆನಿಸಿನ ವ್ಯಾಪಾರಿ ಫೆಡರೀಚಿ ಬರೆದಿದ್ದಾನೆ. ವರ್ಷಕ್ಕೊಮ್ಮೆ ತೆರೆಯುವ ಈ ಪ್ರದರ್ಶನವನ್ನು ಸೆರೆಮನೆ ಪ್ರವಾಸೋದ್ಯಮದ ಆರಂಭವೆಂದು ಕರೆಯಲು ಅಡ್ಡಿಯಿಲ್ಲ.

ಆನೆಗೊಂದಿಯ ಗುಡ್ಡದ ಕೋಟೆಯನ್ನು ಜನ ವಾಲಿಕಿಲ್ಲಾ ಎನ್ನುತ್ತಾರೆ. ಆದಿಶಕ್ತಿಯ ಗುಡಿಗೆ ನಡೆದುಕೊಳ್ಳುವ ಭಕ್ತರು ಇಂದಿಗೂ ಬರುತ್ತಿರುವುದರಿಂದ ಇದನ್ನು ಪೂರ್ತಿ ಪಾಳು ಎನ್ನುವಂತಿಲ್ಲ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿಳಿದು ದಣಿದವರು ಇಲ್ಲಿಗೂ ಬಂದು, ವಾಲಿಯು ರಾವಣನನ್ನು ಕಂಕುಳಲ್ಲಿ ಸೆರೆಹಿಡಿದಿದ್ದನೆಂಬ ಕಥೆ ನೆನಪಾಗಿ, ಆ ಸೆರೆಮನೆಯ ಜಾಗವನ್ನೂ ಕೇಳುವುದುಂಟು. ಇಂಥವರಿಗೆ ಹೇಳತಕ್ಕ ಸಂಗತಿಯೆಂದರೆ, ಈ ಗುಡ್ಡಗಳಲ್ಲಿ ಇಂದಿಗೂ ಕೆಲಸ ಮಾಡುವ ಬಂದೀಖಾನೆ ಒಂದೇ: ಚಿರತೆಯ ಹಾವಳಿ ಹೆಚ್ಚಿದಾಗ ಅರಣ್ಯ ಇಲಾಖೆಯವರು ಇಡುವ ಬೋನು. ಅದಕ್ಕೆ ಸರಳುಗಳಿವೆ, ತಾನಾಗಿ ಬೀಳುವ ಬಾಗಿಲಿದೆ, ಒಳಗೆ ಊಟದ ಏರ್ಪಾಡೂ ಇದೆ. ಹೊತ್ತು ಮುಳುಗಿದ ಮೇಲೂ ಗುಡ್ಡದಲ್ಲಿ ತಿರುಗುವ ಪ್ರವಾಸಿಗೆ ಬೋನಿನ ಹೊರಗಿರುವುದಕ್ಕಿಂತ ಒಳಗಿರುವುದೇ ಕ್ಷೇಮವೆಂದು ಮನವರಿಕೆಯಾಗುವ ಸಂದರ್ಭಗಳಿವೆ.

ಕುಷ್ಟಗಿ ಯಲಬುರ್ಗಾಗಳ ಕಡೆ ಬೆಟ್ಟ ತಗ್ಗಿ ಎರೆನೆಲ ಹರಡಿಕೊಳ್ಳುವುದರಿಂದ ಕೋಟೆಗಳೂ ಊರೊಳಕ್ಕೆ ಸರಿಯುತ್ತವೆ. ಊರ ನಡುವೆ ಒಂಟಿಯಾಗಿ ನಿಂತ ಕಾವಲುಗೋಪುರವಾದ ಹುಡೇವು, ಗೌಡರ ದೇಸಾಯರ ಎತ್ತರದ ಗೋಡೆಯ ಮನೆಯಾದ ವಾಡೆ, ಊರಬಾಗಿಲಾದ ಅಗಸಿ ಇವೇ ಇಲ್ಲಿನ ದುರ್ಗಗಳು. ಯಲಬುರ್ಗಾ ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆಯೆಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿತ್ತು. ಶತ್ರುಗಳನ್ನು ಅಟ್ಟಿದ್ದನ್ನೂ ಮುರಿದದ್ದನ್ನೂ ಹೊಗಳುವ ಶಾಸನಕವಿಗಳಿಗೆ ಸೆರೆಯಾಳುಗಳ ವಸತಿಯ ವಿವರ ಕೊಡುವ ಅಭ್ಯಾಸವಿರಲಿಲ್ಲ. ವಾಡೆಯ ಹಿರಿಯರನ್ನು ಜೈಲಿನ ಬಗ್ಗೆ ಕೇಳುವ ಪ್ರವಾಸಿಗೆ ಚಹಾ ಸಿಗುತ್ತದೆ, ಚಹಾದೊಡನೆ ಆಸ್ತಿ ಪಾಲಿನ ವ್ಯಾಜ್ಯದ ಪೂರ್ಣ ಇತಿಹಾಸ ಸಿಗುತ್ತದೆ, ಮತ್ತು ಮಾತು ಮುಗಿಯುವವರೆಗೆ ಏಳಲು ಬಿಡದಿರುವುದರಿಂದ ಸೆರೆಯ ಅನುಭವವೂ ಸ್ವಲ್ಪಮಟ್ಟಿಗೆ ಸಿಗುತ್ತದೆ.

ಸೆರೆಮನೆಯನ್ನೇ ನೋಡಬೇಕೆಂಬ ಹಟವಿದ್ದವರು ಕೋಟೆಗಳನ್ನು ಬಿಟ್ಟು, ಸೆರೆಮನೆಯೆಂದೇ ಕಟ್ಟಿದ ಕಟ್ಟಡಗಳಿಗೆ ಹೋಗುವುದು ಲೇಸು. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು, 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿಯವರಂಥವರು ಬಂಧನದಲ್ಲಿದ್ದ ಸ್ಥಳ, ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ. ಅಲ್ಲಿ ಬೆಳಿಗ್ಗೆ ವಾಯುಸೇವನೆಗೂ ಮಧ್ಯಾಹ್ನ ಪ್ರತಿಭಟನೆಗೂ ಜನ ತಾವಾಗಿಯೇ ಬರುತ್ತಾರೆ. ಅಮೆರಿಕದ ಅಲ್ಕಟ್ರಾಜ್ ದ್ವೀಪದ ಜೈಲು ಖರ್ಚು ಹೆಚ್ಚಾಯಿತೆಂದು 1963ರಲ್ಲಿ ಮುಚ್ಚಿತು. ಈಗ ಅದರೊಳಕ್ಕೆ ಹೋಗಲು ಜನ ದುಡ್ಡು ಕೊಟ್ಟು ದೋಣಿ ಹತ್ತುತ್ತಾರೆ. ಕೈದಿಗಳಿಂದ ನಷ್ಟ ಕಂಡ ಸಂಸ್ಥೆಯು ಪ್ರವಾಸಿಗಳಿಂದ ಉದ್ಧಾರವಾದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇಷ್ಟಾದರೂ ಕೊಪ್ಪಳ ಸೀಮೆಯಲ್ಲಿಯೇ ಸೆರೆಮನೆಯ ದರ್ಶನವಾಗಬೇಕೆನ್ನುವವರಿಗೆ ಒಂದು ಖಚಿತವಾದ ಮಾರ್ಗವಿದೆ, ಮತ್ತು ಅದನ್ನು ಅನೇಕರು ತಿಳಿಯದೆಯೇ ಅನುಸರಿಸುತ್ತಿದ್ದಾರೆ. ಹಳೆಯ ಗೋಡೆ ಕಂಡೊಡನೆ ಮೊಳೆಯಿಂದಲೋ ಕಲ್ಲುಚೂರಿನಿಂದಲೋ ತನ್ನ ಹೆಸರನ್ನೂ, ಅದರ ಪಕ್ಕದಲ್ಲಿ ಇನ್ನೊಂದು ಹೆಸರನ್ನೂ, ನಡುವೆ ಬಾಣ ಚುಚ್ಚಿದ ಹೃದಯವನ್ನೂ ಕೊರೆಯುವ ವರ್ಗವೊಂದಿದೆ. ಅಶೋಕನ ತರುವಾಯ ಕಲ್ಲಿನ ಮೇಲೆ ಇಷ್ಟು ಶ್ರದ್ಧೆಯಿಂದ ಬರೆದವರು ಇವರೇ ಆದರೂ, ಅಶೋಕನು ಪ್ರಜೆಗಳ ಹಿತಕ್ಕಾಗಿ ಬರೆಸಿದ. ಇವರು ತಾವು ಬಂದಿದ್ದೆವೆಂಬುದಕ್ಕೆ ಪೊಲೀಸರಿಗೆ ಪುರಾವೆಯಾಗಲೆಂದು ಬರೆಯುತ್ತಾರೆ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವನ್ನು ಹಾಳುಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಆ ಸೆರೆಮನೆಗೆ ಗುಡ್ಡ ಹತ್ತಬೇಕಿಲ್ಲ, ಪ್ರವೇಶ ಶುಲ್ಕವಿಲ್ಲ, ಮತ್ತು ಅದು ಜೈಲೋ ಕಣಜವೋ ಎಂಬ ಸಂಶಯಕ್ಕೂ ಎಡೆಯಿಲ್ಲ.